ಲೈಸೆನ್ಸ್ ಸಾಲ್ತಿಲ್ಲ ಅನ್ನೋ ಮುಂಚೆ ಲಾಗ್ ನೋಡಿ

ಕಲಬುರಗಿಯ ಏಪ್ರಿಲ್ ಬಿಸಿಲಿಗೆ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ತಾನಾಗಿಯೇ ತುಂಬುತ್ತದೆ. ಎಸಿ ಇರೋದು ಅಲ್ಲೇ ತಾನೆ. ಅದೇ ಹೊತ್ತಿಗೆ ದಿನಾ ಒಂದೇ ದೂರು: "ಸರ್, ಡ್ರಾಯಿಂಗ್ ಸಾಫ್ಟ್‌ವೇರ್ ಓಪನ್ ಆಗವಲ್ದ್ರಿ. ಲೈಸೆನ್ಸ್ ಇಲ್ಲ ಅನ್ಲತದ."

ನಾನು ಅಲ್ಲಿನ ಸಿಸ್ಟಮ್ ಅಡ್ಮಿನ್. 60 ಕಂಪ್ಯೂಟರಿಗೆ 25 ಫ್ಲೋಟಿಂಗ್ ಲೈಸೆನ್ಸ್ ಇವೆ. ದಾಸೋಹದ ತಾಟು ಅಂದ್ಕೊಳ್ಳಿ. ತಾಟು ಯಾರ ಹೆಸರಿನಲ್ಲೂ ಇಲ್ಲ. ಉಂಡವರು ತೊಳೆದಿಟ್ಟರೆ ಮುಂದಿನವರು ಕೂರುತ್ತಾರೆ. ಲೈಸೆನ್ಸ್ ಸರ್ವರ್ 25 ತಾಟು ಎಣಿಸಿ ಕೊಡುತ್ತದೆ, 26ನೆಯವರನ್ನು ವಾಪಸ್ ಕಳಿಸುತ್ತದೆ.

ಇನ್ನೂ 15 ಕೊಳ್ಳೋಣ ಅಂತ ಫೈಲ್ ಓಡಾಡತೊಡಗಿತು. ಸಹಿ ಬೀಳುವ ಮುಂಚೆ ಸರ್ವರಿನಲ್ಲಿ ಎಲ್‌ಎಂಸ್ಟ್ಯಾಟ್ ಕಮಾಂಡ್ ಕೊಟ್ಟೆ. ಯಾವ ಯೂಸರ್, ಯಾವ ಕಂಪ್ಯೂಟರ್, ಯಾವಾಗಿನಿಂದ ಹಿಡಿದಿದ್ದಾರೆ, ಎಲ್ಲ ಬರುತ್ತದೆ ಅದರಲ್ಲಿ. 25ಕ್ಕೆ 25 ಬಳಕೆಯಲ್ಲಿ. ಲ್ಯಾಬಿಗೆ ಹೋಗಿ ತಲೆ ಎಣಿಸಿದೆ. ಡ್ರಾಯಿಂಗ್ ಮಾಡುತ್ತಿದ್ದವರು 11 ಜನ! ಉಳಿದ 14 ಸ್ಟಾಫ್ ರೂಮುಗಳಲ್ಲಿದ್ದವು. ಒಂದಂತೂ ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ತೆಗೆದದ್ದು. ಅವತ್ತು ಸೋಮವಾರ. ಬಾಗಿಲಿಗೆ ಬೀಗ, ಒಳಗೆ ಕಂಪ್ಯೂಟರ್ ಚಾಲೂ, ಸರ್ ಬೀದರಿಗೆ ಮದುವೆಗೆ ಹೋಗಿದ್ದರು.

ಉಂಡ ತಾಟು ತೊಡೆ ಮೇಲಿಟ್ಕೊಂಡು ನಿದ್ದೆ ಹೊಡೆದ ಹಾಗಾಯ್ತು, ಅಲ್ವಾ?

ಸರ್ವರಿನ ಆಪ್ಷನ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ: ಟೈಮ್‌ಔಟ್ 1800 ಸೆಕೆಂಡ್. ಅರ್ಧ ಗಂಟೆ ಮೌಸ್ ಮುಟ್ಟದಿದ್ದರೆ ಲೈಸೆನ್ಸ್ ವಾಪಸ್. ಎಲ್ಲ ಸಾಫ್ಟ್‌ವೇರ್ ಇದಕ್ಕೆ ಬಗ್ಗಲ್ಲ, ನಮ್ಮದು ಬಗ್ಗಿತು. ಬೀದರಿನಿಂದ ಬಂದ ಸರ್ ನೇರ ನನ್ನ ಹತ್ತಿರ ಬಂದು, "ನನ್ನ ಲೈಸೆನ್ಸ್ ಯಾಕ ಕಸ್ಕೊಂಡ್ರಿ?" ಅಂದರು. ನನ್ನ ಲೈಸೆನ್ಸ್ ಅಂತೆ!

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಸರದಿ ಕಾದು ಬೇಸತ್ತ ಹುಡುಗರು ಪೆನ್‌ಡ್ರೈವಿನಲ್ಲಿ ಕ್ರ್ಯಾಕ್, ಅಂದ್ರೆ ಲೈಸೆನ್ಸ್ ಇಲ್ಲದೆ ಓಡುವ ಕಳ್ಳ ಪ್ರತಿ, ತರುತ್ತಾರೆ. ತಪ್ಪೇ ಅದು. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ, ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದ ತನಕ ಜೈಲು ಅಂತ ಅವರನ್ನು ಹೆದರಿಸುತ್ತೇವೆ. ಮೂರು ದಿನ ಸುಮ್ನೆ ಲೈಸೆನ್ಸ್ ಹಿಡಿದಿಟ್ಟವರಿಗೆ ಒಂದು ಮಾತೂ ಇಲ್ಲ.

ಕೊಳ್ಳಲೇಬೇಡಿ ಅಂತ ನಾನು ಹೇಳ್ತಿಲ್ಲ. ಟೈಮ್‌ಔಟ್ ಹಾಕಿದ ಮೇಲೂ ಲಾಗಿನಲ್ಲಿ, ಅಂದ್ರೆ ಸರ್ವರ್ ತಾನೇ ಬರೆದಿಡುವ ದಾಖಲೆಯಲ್ಲಿ, 'ಡಿನೈಡ್' (ಲೈಸೆನ್ಸ್ ಕೊಡಲಿಲ್ಲ) ಅನ್ನೋ ಸಾಲು ದಿನಾ ಬರುತ್ತಿದ್ದರೆ ಧಾರಾಳವಾಗಿ ಕೊಳ್ಳಿ. ನಮ್ಮಲ್ಲಿ ಮುಂಚೆ ದಿನಕ್ಕೆ ಪುಟಗಟ್ಟಲೆ ಇರುತ್ತಿತ್ತು. ಆಮೇಲಿನ ಎರಡು ವಾರಕ್ಕೆ ಬಂದದ್ದು 3. ಅದರ ಪ್ರಿಂಟ್ ತೆಗೆದು ಖರೀದಿ ಫೈಲಿಗೆ ಪಿನ್ ಹೊಡೆದಿದ್ದೇನೆ. ಫೈಲ್ ಇನ್ನೂ ಸಾಹೇಬರ ಮೇಜಿನ ಮೇಲೇ ಇದೆ.