ಹೂಳಿನಿಂದ ಕಟ್ಟಿದ ದ್ವೀಪ, ಹೂಳು ತುಂಬಿದ ನಮ್ಮ ಕೆರೆ

ರಾತ್ರಿ ಬಂಗಾರಪೇಟೆಯಲ್ಲಿ ಕನ್ಯಾಕುಮಾರಿ ರೈಲು ಹತ್ತಿದರೆ ಬೆಳಗ್ಗೆ ಎರ್ನಾಕುಳಂ. ನಮ್ಮಪ್ಪ ಈ ಗಾಡಿಯನ್ನು ಇವತ್ತಿಗೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಅಂತಲೇ ಕರೆಯುತ್ತಾರೆ. ಯಾವ ಐಲ್ಯಾಂಡ್ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಹೋದ ತಿಂಗಳು ಗೆಳೆಯನ ಜೊತೆ ಕೊಚ್ಚಿ ನೋಡಲು ಹೋದಾಗ ಗೊತ್ತಾಯಿತು. ಹಿಂದೆ ಈ ಗಾಡಿ ಅಲ್ಲಿನ ಬಂದರಿನ ವಿಲ್ಲಿಂಗ್ಡನ್ ದ್ವೀಪದವರೆಗೂ ಹೋಗುತ್ತಿತ್ತು. ಆ ದ್ವೀಪದ ಹೆಚ್ಚಿನ ಭಾಗ ಹೂಳು ಸುರಿದು ಕಟ್ಟಿದ್ದು!

ಕೊಚ್ಚಿಯ ಅಳಿವೆಗೆ ಅಡ್ಡಲಾಗಿ ಒಂದು ಮರಳು ದಿಬ್ಬ ಇತ್ತಂತೆ. ದೊಡ್ಡ ಹಡಗುಗಳು ಒಳಗೆ ಬರುವ ಹಾಗಿರಲಿಲ್ಲ. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ ಅದನ್ನು ಅಗೆಸಿದರು. 1928ರ ಮೇ ತಿಂಗಳಲ್ಲಿ ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. ತೆಗೆದ ಮಣ್ಣನ್ನು ಬಿಸಾಡಲಿಲ್ಲ. ಅದರಿಂದಲೇ ದ್ವೀಪ ಎದ್ದಿತು. ಈಗಲೂ ಅಲ್ಲಿ ಹೂಳೆತ್ತುವ ಕೆಲಸ ನಿಂತಿಲ್ಲ. ನದಿಗಳು ಮಣ್ಣು ತರುತ್ತಲೇ ಇರುತ್ತವೆ, ಸುಮ್ನೆ ಬಿಟ್ಟರೆ ಹಡಗಿನ ದಾರಿಯೇ ಮುಚ್ಚಿಹೋಗುತ್ತದೆ.

ಹೈಕೋರ್ಟ್ ನಿಲ್ದಾಣದಿಂದ ವಾಟರ್ ಮೆಟ್ರೋದಲ್ಲಿ ಫೋರ್ಟ್ ಕೊಚ್ಚಿಗೆ ಹೋದೆವು. ಬ್ಯಾಟರಿಯಲ್ಲಿ ಓಡುವ ದೋಣಿ, ಸದ್ದೇ ಇಲ್ಲ. ಒಂದು ಕಡೆ ಕ್ರೇನುಗಳು, ಇನ್ನೊಂದು ಕಡೆ ತೆಂಗಿನ ತೋಟ. ದಡದಲ್ಲಿ ಚೀನಾ ಬಲೆಗಳನ್ನು ನೋಡುತ್ತಾ ನಿಂತೆವು. ನಾಲ್ಕೈದು ಜನ ಹಗ್ಗ ಹಿಡಿದು ಎಳೆಯುತ್ತಾರೆ, ಹಗ್ಗಕ್ಕೆ ಕಟ್ಟಿದ ಕಲ್ಲುಗಳು ಕೆಳಗಿಳಿಯುತ್ತವೆ, ಅಷ್ಟು ದೊಡ್ಡ ಬಲೆ ಮೇಲೇಳುತ್ತದೆ. "ಇದು ನಮ್ಮ ಏತ ಕಣೋ!" ಅಂದ ಗೆಳೆಯ. ಹೌದು, ಅದೇ ಉಪಾಯ. ನಾವು ಬಾವಿಯಿಂದ ನೀರೆತ್ತಿದೆವು, ಅವರು ನೀರಿಂದ ಮೀನೆತ್ತಿದರು. ಅವರ ಬಲೆ ಇನ್ನೂ ಇದೆ. ನಮ್ಮ ಏತವೂ ಇಲ್ಲ, ಬಾವಿಯಲ್ಲಿ ನೀರೂ ಇಲ್ಲ.

ಅಲ್ಲಿಂದ ನನ್ನ ತಲೆಯಲ್ಲಿ ಊರಿನ ಕೆರೆಯೇ ತುಂಬಿಕೊಂಡಿತು.

ಕೋಲಾರದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಮ್ಮನ್ನು ಸಾಕಿದ್ದು ಕೆರೆಗಳು. ತಾತನ ಕಾಲದಲ್ಲಿ ಬೇಸಿಗೆ ಬಂತೆಂದರೆ ಗಾಡಿ ಕಟ್ಟಿ ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ತೂಬು, ಕಾಲುವೆ ನೋಡಿಕೊಳ್ಳಲು ನೀರಗಂಟಿ ಇದ್ದ. ಅದೆಲ್ಲ ನಿಂತು ಎಷ್ಟೋ ವರ್ಷವಾಯಿತು. ನಮ್ಮೂರ ಕೆರೆಗೆ ನೀರು ತರುವ ಕಾಲುವೆ ಅರ್ಧ ಒತ್ತುವರಿಯಾಗಿದೆ. ಒಳಗೆ ಜಾಲಿ ಬೆಳೆದಿದೆ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. 2021ರ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹೋದವು. ಎಲ್ಲರೂ ಖುಷಿಯಿಂದ ಬಾಗಿನ ಬಿಟ್ಟೆವು. ನಾನೂ ಬಿಟ್ಟಿದ್ದೇನೆ. ಆದರೆ ಹೂಳು ತುಂಬಿದ ಕೆರೆ ಕೋಡಿ ಹೋದರೆ ಅದರಲ್ಲಿ ನೀರೆಷ್ಟು, ಮಣ್ಣೆಷ್ಟು? ನೀರು ತುಂಬಿಸುವ ಮಾತಷ್ಟೇ ಆಡುತ್ತೇವೆ, ಹೂಳಿನ ಮಾತು ಯಾರೂ ಎತ್ತುವುದಿಲ್ಲ. ಒಂದು ಸಲ ಜೆಸಿಬಿ ತಂದು ಕೆರೆದರೆ ಸಾಲದು. ಮಳೆ ಪ್ರತಿ ವರ್ಷ ಮಣ್ಣು ತರುತ್ತದೆ, ಅಲ್ವಾ? ಹಾಗಾದರೆ ತೆಗೆಯುವುದೂ ಪ್ರತಿ ವರ್ಷ ಆಗಬೇಕು. ನೀರು ಇಳಿದ ಕಡೆಯಿಂದ ಶುರುಮಾಡಿ, ಗೋಡನ್ನು ರೈತರಿಗೇ ಕೊಡಬೇಕು. ಸಾಗಣೆ ಖರ್ಚನ್ನು ಪಂಚಾಯಿತಿ ಹೊರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರೆದುಕೊಡುತ್ತೇನೆ. ಗೆಳೆಯನೂ ಸಹಿ ಹಾಕುತ್ತೇನೆ ಅಂದಿದ್ದಾನೆ. ನಮ್ಮೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವತ್ತು ದಯವಿಟ್ಟು ಬನ್ನಿ.