ಸಾವಿರದ ಆರುನೂರು ಗೂಡು

ಮನೆ ನೋಡಲು ಬಂದವರು ಮನೆಗೆ ಬೆನ್ನು ಹಾಕಿ ನಿಂತರೆ ಅದನ್ನು ಕಟ್ಟಿಸಿದ ಯಜಮಾನನಿಗೆ ಹೇಗಾಗಬೇಡ? ಫ್ರಾನ್ಸಿನ ನಾರ್ಮಂಡಿಯಲ್ಲಿ, ದಿಯೆಪ್ ಬಂದರಿಗೆ ಹತ್ತಿರದ ವಾರಾಂಜ್‌ವಿಲ್ ಎಂಬ ಹಳ್ಳಿಯಲ್ಲಿ ಝಾನ್ ಆಂಗೊನ ಮನೆಯಿದೆ. ಅದರ ಚಿತ್ರ ಹುಡುಕಿದಾಗಲೆಲ್ಲ ನನಗೆ ಮೊದಲು ಸಿಗುವುದು ಮನೆಯಲ್ಲ, ಅಂಗಳದಲ್ಲಿರುವ ಪಾರಿವಾಳದ ಗೂಡು.

ಗೂಡೆಂದರೆ ತಂತಿಬಲೆಯ ಪೆಟ್ಟಿಗೆಯಲ್ಲ. ದುಂಡನೆಯ ದಪ್ಪ ಗೋಪುರ, ತಲೆಯ ಮೇಲೊಂದು ಗುಮ್ಮಟ. ಇಟ್ಟಿಗೆಯನ್ನೂ ಬೇರೆ ಬೇರೆ ಬಣ್ಣದ ಕಲ್ಲನ್ನೂ ಪಟ್ಟೆ ಪಟ್ಟೆಯಾಗಿ ಕೂಡಿಸಿ, ಅಜ್ಜಿ ಕೌದಿ ಹೊಲಿದ ಹಾಗೆ ಗೋಡೆ ಎಬ್ಬಿಸಿದ್ದಾರೆ. ಒಳಗೆ 1600 ಪೊಟರೆಗಳು. ಒಂದೊಂದು ಪೊಟರೆಯೂ ಒಂದು ಜೋಡಿಯ ಸಂಸಾರಕ್ಕೆ.

ಆಂಗೊ ಸಾಮಾನ್ಯನಲ್ಲ. ಹಡಗುಗಳ ಒಡೆಯ. ಮೆಕ್ಸಿಕೋದಿಂದ ಸ್ಪೇನಿಗೆ ಹೊರಟಿದ್ದ ಚಿನ್ನವನ್ನು ನಡುದಾರಿಯಲ್ಲಿ ಎಗರಿಸಿದ ಕಪ್ತಾನನೊಬ್ಬ ಇವನ ಕಡೆಯವನೇ. 1529ರಲ್ಲಿ ಇವನ ಹಡಗುಗಳು ಮೆಣಸು ಅರಸಿ ಸುಮಾತ್ರಾದವರೆಗೂ ಹೋದವು. ಆ ದುಡ್ಡಿನಲ್ಲಿ 1530ರ ದಶಕದಲ್ಲಿ ಇಟಲಿಯ ಮಾದರಿಯ ಕಮಾನಿನ ಮೊಗಸಾಲೆ ಇಟ್ಟು ಈ ಮನೆ ಕಟ್ಟಿಸಿದ. ದೊರೆ ಒಂದನೆಯ ಫ್ರಾನ್ಸ್ವಾನೇ ಅತಿಥಿಯಾಗಿ ಬಂದ. ಅಷ್ಟೆಲ್ಲ ಇದ್ದವನಿಗೆ ಪಾರಿವಾಳದ ಹುಚ್ಚೇಕೆ?

ಹುಚ್ಚಲ್ಲ, ಅಂತಸ್ತು. ಆ ಕಾಲದಲ್ಲಿ ಇಂಥ ಗೋಪುರ ಎಬ್ಬಿಸುವ ಹಕ್ಕು ಜಮೀನ್ದಾರರದು. ಪೊಟರೆಗಳ ಲೆಕ್ಕ ಜಮೀನಿನ ಲೆಕ್ಕಕ್ಕೆ ತಕ್ಕಂತೆ ಇರಬೇಕಿತ್ತು. ಬೀದಿಯಲ್ಲಿ ನಿಂತವನೂ ಗೋಪುರದ ಗಾತ್ರ ನೋಡಿ ಒಡೆಯನ ಆಸ್ತಿಯನ್ನು ಅಂದಾಜು ಮಾಡಬಹುದಿತ್ತು. ಮರಿಗಳು ಅಡುಗೆಮನೆಗೆ, ಹಿಕ್ಕೆ ತೋಟಕ್ಕೆ. ಲಾಭವೂ ಇತ್ತೆನ್ನಿ.

ಆದರೆ ಮೂರು ಸಾವಿರಕ್ಕೂ ಮಿಕ್ಕ ಹೊಟ್ಟೆಗಳಿಗೆ ಮೇವು ಎಲ್ಲಿಂದ? ಪಾರಿವಾಳಕ್ಕೆ ಬದು, ಬೇಲಿ ತಿಳಿಯುವುದಿಲ್ಲ. ರೈತ ಬಿತ್ತಿ ಮನೆಗೆ ಹೋಗುವಷ್ಟರಲ್ಲಿ ಒಡೆಯನ ಹಕ್ಕಿಗಳು ಹೊಲದಲ್ಲಿ ಪಂಕ್ತಿ ಹಾಕಿರುತ್ತಿದ್ದವು. ಅವನ್ನು ಹೊಡೆಯುವಂತಿಲ್ಲ. ನನ್ನ ಬಾಲ್ಕನಿಯಲ್ಲಿ ಒಣಗಿಸಿದ ಹಪ್ಪಳವನ್ನು ಎರಡೇ ಎರಡು ಪಾರಿವಾಳ ತುಳಿದದ್ದಕ್ಕೆ ನಾನು ಪೊರಕೆ ಹಿಡಿದು ಕುಣಿದವನು; ಆ ರೈತನ ಸಂಕಟ ಊಹಿಸಬಲ್ಲೆ. 1789ರಲ್ಲಿ ಫ್ರಾನ್ಸಿನ ಜನ ತಮ್ಮ ದೂರುಗಳನ್ನು ಬರೆದುಕೊಟ್ಟಾಗ ತೆರಿಗೆ, ಉಪ್ಪಿನ ಸುಂಕಗಳ ಜೊತೆಗೆ ಪಾರಿವಾಳವನ್ನೂ ಸೇರಿಸಿದ್ದರು. ಅದೇ ವರ್ಷ ಕ್ರಾಂತಿ ಎದ್ದು, ಆಗಸ್ಟ್ 4ರ ರಾತ್ರಿ ಜಮೀನ್ದಾರರ ವಿಶೇಷ ಹಕ್ಕುಗಳೆಲ್ಲ ಉರುಳಿದಾಗ ಗೂಡಿನ ಹಕ್ಕೂ ಉರುಳಿತು. ಹೊಸ ಕಾನೂನು ಹೀಗೆ: ಊರು ಗೊತ್ತುಮಾಡಿದ ದಿನಗಳಲ್ಲಿ ಹಕ್ಕಿಗಳನ್ನು ಕೂಡಿಹಾಕಬೇಕು. ಆಗ ಹೊಲಕ್ಕೆ ಇಳಿದರೆ ಹೊಲದವನು ಹೊಡೆಯಬಹುದು.

ಆಂಗೊ ಅದನ್ನು ನೋಡಲಿಲ್ಲ. ದೊರೆ ಸತ್ತ ಮೇಲೆ ಅವನ ದೆಸೆ ತಿರುಗಿತು, ಸಾಲ ಮೈಮೇಲೆ ಬಂತು, 1551ರಲ್ಲಿ ತೀರಿಕೊಂಡ. ಮನೆ ಮುಂದೆ ಬೇಸಾಯದವರ ಕೈಸೇರಿತು. ಕಾಳು ಕಳೆದುಕೊಂಡವರ ಪೈಕಿಯವರೇ ಆ ಅಂಗಳದಲ್ಲಿ ಹುಲ್ಲು ಒಟ್ಟಿದ್ದಾರು.