ಡಬ್ಬಿ ಮೇಲಿನ 550 ನೋಡಿ ಎಸ್‌ಎಸ್‌ಡಿ ಕೊಳ್ಳಬೇಡಿ

ಹೋದ ವರ್ಷ ಮದುವೆ ಸೀಜನ್‌ನಲ್ಲಿ ಒಂದು ಮುಂಜಾನೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದೆ. ಕಪ್ಪು ಪರದೆ, ಅದರ ಮೇಲೆ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಕೇಬಲ್ ಬಿಚ್ಚಿ ಹಾಕಿದೆ, ಪೋರ್ಟ್ ಬದಲಿಸಿದೆ, ಪಕ್ಕದ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೂ ಹಚ್ಚಿ ನೋಡಿದೆ. ಡ್ರೈವ್ ಇದೆ ಎಂಬ ಸುಳಿವೇ ಇಲ್ಲ. ಎಂಟು ತಿಂಗಳ ಹಿಂದೆ ಹುಬ್ಬಳ್ಳಿಯಿಂದ ತಂದಿದ್ದ 512 ಜಿಬಿ ಎಸ್‌ಎಸ್‌ಡಿ ಅದು, ಅಂದರೆ ಹಾರ್ಡ್ ಡಿಸ್ಕ್ ಬದಲು ಹಾಕುವ, ಫೈಲುಗಳನ್ನು ಚಿಪ್‌ನಲ್ಲಿ ಇಡುವ ಡ್ರೈವ್.

ಗದಗಿನಲ್ಲಿ ಡಿಟಿಪಿ ಮಾಡುವವರಿಗೆ ಆ ದಿನಗಳು ಹೇಗಿರುತ್ತವೆ ಗೊತ್ತು. ಅಂದು ಹನ್ನೊಂದು ಗಂಟೆಗೆ ಪ್ರೂಫ್ ನೋಡಲು ಮುಳಗುಂದ ಕಡೆಯ ಒಬ್ಬ ಹಿರಿಯರು ಬರುವವರಿದ್ದರು. ಮೊಮ್ಮಗಳ ಲಗ್ನಪತ್ರಿಕೆ. ಹಿಂದಿನ ದಿನ ಎರಡು ತಾಸು ನನ್ನ ಪಕ್ಕ ಕುಳಿತು ಸುಖಾಗಮನ ಬಯಸುವವರ 43 ಹೆಸರು ಹೇಳಿ ಬರೆಸಿದ್ದರು. ಯಾರ ಮುಂದೆ ಶ್ರೀಮತಿ, ಯಾರ ಮುಂದೆ ‘ಲಿಂ.’ ಬರಬೇಕು, ಯಾರ ಹೆಸರು ಯಾರಿಗಿಂತ ಮೇಲಿರಬೇಕು, ಎಲ್ಲ ಬಾಯಿಂದಲೇ. ಹಾಳೆ ಮೇಲೆ ಒಂದು ಅಕ್ಷರವೂ ಇರಲಿಲ್ಲ. ವಿಷಯ ಹೇಳಿದಾಗ ನನಗೆ ಮುಖ ಎತ್ತಿ ನೋಡಲಾಗಲಿಲ್ಲ. ಅವರು ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡು, “ಇರಲಿ ಬಿಡವಾ ತಂಗಿ, ಮತ್ತ ಹೇಳ್ತೀನಿ, ಬರಕೋ” ಅಂದರು. ಎರಡನೇ ಸಲ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿತ್ತು. ಪ್ಲೇಟ್ ಹಾಕುವ ಮೊದಲೇ ಅವರಿಗೆ ನೆನಪಾಯಿತು, ಸದ್ಯ.

ಹಾರ್ಡ್ ಡಿಸ್ಕ್ ಸಾಯುವ ಮೊದಲು ಎಷ್ಟೋ ಸಲ ಕಟಕಟ ಸದ್ದು ಮಾಡುತ್ತದೆ, ನಿಧಾನವಾಗುತ್ತದೆ, ನಮಗೊಂದು ಎಚ್ಚರಿಕೆ ಸಿಗುತ್ತದೆ. ಎಸ್‌ಎಸ್‌ಡಿಯೊಳಗೆ ತಿರುಗುವಂಥದ್ದು ಏನೂ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ ಕೈಕೊಟ್ಟರೆ ರಾತ್ರಿ ಇದ್ದದ್ದು ಮುಂಜಾನೆ ಇಲ್ಲ.

ಆ ಡ್ರೈವ್ ಕೊಂಡದ್ದು ಹೇಗೆ ಅಂದರೆ, ಅಂಗಡಿಯ ಹುಡುಗ ಎರಡು ಡಬ್ಬಿ ಮುಂದಿಟ್ಟ. ಒಂದು ಕೇಳಿದ ಹೆಸರಿನ ಕಂಪನಿಯದು, ಇನ್ನೊಂದು ಕೇಳದ ಹೆಸರಿನದು, ಸುಮಾರು ಆರು ನೂರು ರೂಪಾಯಿ ಕಡಿಮೆ. “ಅಕ್ಕಾರ, ಅದಕ್ಕೂ 550 ಐತಿ, ಇದಕ್ಕೂ 550 ಐತಿ ನೋಡ್ರಿ. ಸುಮ್ನ ಯಾಕ ರೊಕ್ಕ ಹೆಚ್ಚಿಗಿ ಕೊಡ್ತೀರಿ?” ನನಗೂ ಸರಿ ಅನ್ನಿಸಿತು.

ಈಗ ತಿಳಿದಿರುವುದು ಇಷ್ಟು. ಸೆಕೆಂಡಿಗೆ 550 ಎಂಬಿ ಅನ್ನುವುದು ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ ದಾರಿಯ ಮಿತಿ, ಡ್ರೈವಿನ ಗುಣ ಅಲ್ಲ. ಸಾಟಾ 3ರ ವೇಗ ಸೆಕೆಂಡಿಗೆ 6 ಗಿಗಾಬಿಟ್. ಅದರಲ್ಲಿ ಕೊನೆಗೆ ಕೈಗೆ ಸಿಗುವುದು ಅಷ್ಟೇ. ಅದಕ್ಕೇ ಒಳ್ಳೆಯದರ ಮೇಲೂ ಕೆಟ್ಟದ್ದರ ಮೇಲೂ ಹೆಚ್ಚುಕಡಿಮೆ ಒಂದೇ ಅಂಕಿ ಅಚ್ಚಾಗಿರುತ್ತದೆ. ವ್ಯತ್ಯಾಸ ಇರುವುದು ಡಬ್ಬಿ ಹೇಳದ ಜಾಗದಲ್ಲಿ. ಟಿಎಲ್‌ಸಿ ಚಿಪ್‌ನ ಒಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು. ನಾಲ್ಕು ತುರುಕಿದರೆ ಅಗ್ಗ, ಆದರೆ ಬರೆಯುವುದು ನಿಧಾನ. ಅದನ್ನು ಮರೆಸಲು ಒಂದಷ್ಟು ಜಾಗವನ್ನು ವೇಗದ ಕ್ಯಾಶ್, ಅಂದರೆ ತಾತ್ಕಾಲಿಕ ಇಳಿದಾಣ, ಆಗಿ ಬಳಸುತ್ತಾರೆ. ಮೊದಲು ಮೂಟೆಗಳನ್ನು ಪಡಸಾಲೆಯಲ್ಲಿ ಇಳಿಸಿ, ಆಮೇಲೆ ಒಂದೊಂದೇ ಒಳಕೋಣೆಗೆ ಹೊತ್ತು ಹಾಕಿದ ಹಾಗೆ. ಪಡಸಾಲೆ ತುಂಬಿದರೆ ಬಂಡಿಯವನೂ ಕಾಯಬೇಕು. ನನ್ನ ಆ ಡ್ರೈವಿಗೆ ಫೋಟೋ ಸ್ಟುಡಿಯೋದವರ 60 ಜಿಬಿ ಆಲ್ಬಮ್ ಫೋಲ್ಡರ್ ಹಾಕುವಾಗ ಮೊದಲು ಸೆಕೆಂಡಿಗೆ 450 ಎಂಬಿ ತೋರಿಸಿ, ಸ್ವಲ್ಪ ಹೊತ್ತಿಗೆ 50ಕ್ಕೆ ಇಳಿಯುತ್ತಿತ್ತು. ನನ್ನ ಹಳೆಯ ಹಾರ್ಡ್ ಡಿಸ್ಕೇ ಅದಕ್ಕಿಂತ ವಾಸಿ ಇತ್ತು. ಆಗಲೇ ಅನುಮಾನ ಬರಬೇಕಿತ್ತು.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಸತ್ತ ಡ್ರೈವನ್ನು ಬಿಚ್ಚಿ ತೋರಿಸಿದ. ಅಂಗೈಯಷ್ಟು ಡಬ್ಬಿಯೊಳಗೆ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಬೋರ್ಡು, ಉಳಿದದ್ದು ಖಾಲಿ. “ಖಾಲಿ ಇರೋದು ತಪ್ಪಲ್ಲ ಕಾಕು, ಚಲೋ ಕಂಪನಿದೂ ಹಿಂಗ ಇರ್ತಾವ. ಆದ್ರ ಈ ಚಿಪ್ ಮ್ಯಾಲ ಹೆಸರ ಇಲ್ಲ ನೋಡು” ಅಂದ. ಯಾರು ಮಾಡಿದ್ದು, ಯಾವ ದರ್ಜೆಯದು, ಯಾವ ಗುರುತೂ ಇರಲಿಲ್ಲ. ಡಬ್ಬಿ ಮೇಲೆ ಮೂರು ವರ್ಷದ ವಾರಂಟಿ ಅಂತ ಇತ್ತು, ಸರ್ವಿಸ್ ಸೆಂಟರ್ ವಿಳಾಸ ಇರಲಿಲ್ಲ. ನನ್ನ ಬಳಿ ಇದ್ದದ್ದೂ ಜಿಎಸ್‌ಟಿ ಬಿಲ್ ಅಲ್ಲ, ಪೆನ್ನಿನಲ್ಲಿ ಬರೆದ ಚೀಟಿ.

ಎರಡನೇ ಸಲ ಕೊಳ್ಳುವ ಮೊದಲು ನಾವಿಬ್ಬರೂ ಕೂಡಿ ಕಂಪನಿಗಳೇ ಪ್ರಕಟಿಸುವ ವಿವರ ಓದಿದೆವು. ಕ್ರೂಶಿಯಲ್ ಬಿಎಕ್ಸ್500 ಡ್ರೈವಿನ 500 ಜಿಬಿಗೆ ಮೂರು ವರ್ಷ ಅಥವಾ ಒಟ್ಟು 120 ಟಿಬಿ (ಒಂದು ಟಿಬಿ ಅಂದರೆ 1,000 ಜಿಬಿ) ಬರೆಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಸ್ಯಾಮ್‌ಸಂಗ್ 870 ಇವೊ 500 ಜಿಬಿಗೆ ಐದು ವರ್ಷ ಅಥವಾ 300 ಟಿಬಿ. ಈ ಟಿಬಿ ಲೆಕ್ಕಕ್ಕೆ ಹೆದರುವ ಅಗತ್ಯವಿಲ್ಲ. ದಿನಕ್ಕೆ 20 ಜಿಬಿ ಬರೆದರೂ 120 ಟಿಬಿ ಮುಗಿಯಲು 6,000 ದಿನ ಬೇಕು, ಅಂದರೆ 16 ವರ್ಷ. ಮನೆಬಳಕೆಗೆ, ಅರ್ಜಿ ತುಂಬುವ ಅಂಗಡಿಗೆ ಮೊದಲನೆಯದು ಸಾಕು ಎಂದೇ ನನ್ನ ಅಭಿಪ್ರಾಯ. ದೊಡ್ಡ ಫೈಲ್ ದಿನವೂ ಬರೆಯುವವರು ಟಿಎಲ್‌ಸಿ ಚಿಪ್, ಒಳಗೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಇಡುವ ವೇಗದ ಮೆಮೊರಿಯಾದ ಡಿರ್‍ಯಾಮ್, ಐದು ವರ್ಷದ ವಾರಂಟಿ ಇರುವುದಕ್ಕೆ ಇನ್ನಷ್ಟು ರೊಕ್ಕ ಕೂಡಿಸಲಿ. ನಾನು ಎರಡು ತಿಂಗಳು ಕಾದು ಅಂಥದ್ದನ್ನೇ ತಂದೆ.

ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಮಾತು. ಪಟ್ಟಿಯಂಥ ಎಂ.2 ಡ್ರೈವ್‌ನಲ್ಲಿ ಸಾಟಾ, ಅದಕ್ಕಿಂತ ವೇಗದ ಇನ್ನೊಂದು ದಾರಿಯಾದ ಎನ್‌ವಿಎಂಇ ಎರಡೂ ಬರುತ್ತವೆ, ನೋಡಲು ಹೆಚ್ಚುಕಡಿಮೆ ಒಂದೇ. ನಿಮ್ಮ ಮಷಿನ್ ಯಾವುದನ್ನು ಒಪ್ಪುತ್ತದೆ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ತಂದ ದಿನವೇ ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ಹಾಕಿ ಎಷ್ಟು ತಾಸು ಓಡಿದೆ ನೋಡಿ. ಹೊಸದೆಂದು ಕೊಟ್ಟದ್ದು ನೂರಾರು ತಾಸು ತೋರಿಸಿದರೆ ಮರಳಿಸಿ. 500 ಜಿಬಿ ಕೊಂಡು ವಿಂಡೋಸ್‌ನಲ್ಲಿ 465 ಕಂಡರೆ ಮೋಸವಲ್ಲ, ಎಣಿಸುವ ರೀತಿ ಬೇರೆ. ಆಮೇಲೆ ಒಂದು ದೊಡ್ಡ ಫೋಲ್ಡರ್ ಹಾಕಿ ಕೊನೆಯವರೆಗೂ ವೇಗ ನೋಡಿ, ಮೊದಲ ನಿಮಿಷದ್ದಲ್ಲ.

ನನ್ನ 2013ರ ಕಂಪ್ಯೂಟರ್ ಮೊದಲು ತೆರೆದುಕೊಳ್ಳಲು ಮೂರು ನಿಮಿಷ ತಿನ್ನುತ್ತಿತ್ತು, ಈಗ ಅರ್ಧ ನಿಮಿಷವೂ ಬೇಡ. ಹಳೆಯ ಹಾರ್ಡ್ ಡಿಸ್ಕನ್ನು ತೆಗೆದಿಲ್ಲ, ಅದೇ ಕ್ಯಾಬಿನೆಟ್‌ನಲ್ಲಿ ಎರಡನೆಯದಾಗಿ ಗುಂಯ್‌ಗುಡುತ್ತಿದೆ. ದಿನಾ ಸಂಜೆ ಶಟರ್ ಎಳೆಯುವ ಮೊದಲು ಅಂದಿನ ಲಗ್ನಪತ್ರಿಕೆಗಳೆಲ್ಲ ಅದಕ್ಕೂ ಒಂದು ಪ್ರತಿ ಹೋಗುತ್ತವೆ.